ಅಂಗಳದಾಚೆಯ ಶೆಡ್ಡು

ಕೆನೆಶನ ಹೆಂಡತಿ ಜಿಪಾರ ಟ್ಯಾಕ್ಸಿ ಓಡಿಸಲು ಶುರುಮಾಡಿದ್ದು ಹಠಕ್ಕಲ್ಲ, ಶೋಕಿಗೂ ಅಲ್ಲ. ಚಳಿಗಾಲ ಶುರುವಾಗುವ ಮುನ್ನ ಕೊಟ್ಟಿಗೆಯ ಮಾಡಿನ ಮೇಲೆ ಹುಲ್ಲು ಒಟ್ಟುತ್ತಿದ್ದಾಗ ಕೆನೆಶ್ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಎಲುಬು ಮುರಿದುಕೊಂಡ. ಅವರ ಊರು ಕೊಚ್ಕೋರ್‌ನಿಂದ ದೊಲೋನ್ ಘಟ್ಟ ಹತ್ತಿಳಿದು ಆಚೆಯ ಪಟ್ಟಣ ನಾರಿನ್‌ಗೆ ದಿನವೂ ಬಾಡಿಗೆಗೆ ಹೋಗಿಬರುತ್ತಿದ್ದ ಅವನ ಹಳೆಯ ಜರ್ಮನ್ ಕಾರು ಅಂಗಳದಲ್ಲಿ ನಿಂತುಬಿಟ್ಟಿತು. ಕೆಲವು ದಿನ ಮನೆಯವರೆಲ್ಲ ಕಿಟಕಿಯಿಂದ ಅದನ್ನೇ ನೋಡುತ್ತ ಚಹಾ ಕುಡಿದರು. ಆಮೇಲೊಂದು ಬೆಳಿಗ್ಗೆ ಜಿಪಾರ ಶಿಶುವಿಹಾರದ ಅಡುಗೆ ಕೆಲಸಕ್ಕೆ ರಜೆ ಹಾಕಿ, ತಲೆವಸ್ತ್ರ ಬಿಗಿದುಕೊಂಡು, ಗೂಟದಲ್ಲಿದ್ದ ಕೀಲಿ ತೆಗೆದುಕೊಂಡಳು.

"ಘಟ್ಟದ ತಿರುವು ನಿನಗೆ ಆಗೋದಲ್ಲ," ಎಂದ ಕೆನೆಶ್, ಹಾಸಿಗೆಯಿಂದಲೇ.

"ನಿಮ್ಮ ಪಕ್ಕ ಕೂತು ಎಷ್ಟು ಸಲ ಹತ್ತಿಲ್ಲ ನಾನು? ತಿರುವು ಅಲ್ಲೇ ಇರುತ್ತೆ, ಎಲ್ಲೂ ಹೋಗಿರಲ್ಲ," ಎಂದು ಅವಳು ಹೊರಟೇಬಿಟ್ಟಳು.

ಆಗುವುದಿಲ್ಲವೆಂದು ಅವನು ಅಂದುಕೊಂಡದ್ದು ಆಯಿತು. ಆದದ್ದಷ್ಟೇ ಅಲ್ಲ, ಚೆನ್ನಾಗಿಯೇ ಆಯಿತು. ನಿಧಾನವಾಗಿ ಓಡಿಸುತ್ತಾಳೆ, ಸಿಗರೇಟು ಸೇದುವುದಿಲ್ಲ, ಮುದುಕಿಯರ ಗಂಟುಮೂಟೆ ತಾನೇ ಎತ್ತಿಡುತ್ತಾಳೆ ಎಂದು ಹೆಂಗಸರೆಲ್ಲ ಅವಳ ಕಾರಿಗೇ ಕಾದು ಕೂರತೊಡಗಿದರು. ಸಂಜೆ ಅವಳು ಮನೆಗೆ ಬಂದರೆ ಅತ್ತೆ ಬುರುಲ್ ಸಾರಿನ ಪಾತ್ರೆಯಿಂದ ಮಜ್ಜೆಯಿರುವ ದೊಡ್ಡ ಎಲುಬನ್ನು ಹುಡುಕಿ ತೆಗೆದು ಅವಳ ಬಟ್ಟಲಿಗೆ ಹಾಕುವಳು. ಅದು ಮನೆಯ ಹಿರಿಮಗನ ಪಾಲಿಗೆ ಬರುವ ಎಲುಬು. ಮೊದಲ ದಿನ ಕೆನೆಶ್ ತಾಯಿಯ ಕೈಯನ್ನೇ ನೋಡಿದ.

"ದಾರಿಯಿಂದ ಬಂದವಳು ಅವಳು. ನೀನು ಇಡೀ ದಿನ ದಿಂಬಿಗೆ ಒರಗಿದ್ದೆ. ದಿಂಬಿಗೆ ಮಜ್ಜೆ ಬೇಕಾ?" ಎಂದಳು ಬುರುಲ್.

ಹದಿಮೂರರ ಮಗಳು ಸೆಜಿಮ್ ನಕ್ಕಳು. ಕೆನೆಶ್ ಬರೀ ನೂಡಲ್ಸ್ ತಿಂದು ಬಟ್ಟಲು ಸರಿಸಿದ.

ಕಾರು ಮೊದಲ ಸಲ ಕೈಕೊಟ್ಟದ್ದು ಪಟ್ಟಿ ಬಿಚ್ಚಿ ಅವನು ಕೋಲೂರಿ ನಡೆಯತೊಡಗಿದ ಮೇಲೆ. ಜಿಪಾರ ಸೆಲ್ಫ್ ಹೊಡೆದಾಗ ‘ಟಕ್’ ಎಂದದ್ದು ಬಿಟ್ಟರೆ ಇಂಜಿನ್ ತುಟಿಪಿಟಕ್ಕೆನ್ನಲಿಲ್ಲ.

"ರಾತ್ರಿ ಲೈಟ್ ಆರಿಸಿರಲ್ಲ ನೀನು," ಎಂದ ಕೆನೆಶ್ ಹೊಸ್ತಿಲಿಂದ.

"ಆರಿಸಿದ್ದೆ ಕಣ್ರೀ. ನೀವೇ ಕಿಟಕಿಯಲ್ಲಿ ನಿಂತು ನೋಡ್ತಿದ್ರಲ್ಲ."

ಅದು ನಿಜವೇ. ಅವಳು ಬರುವುದನ್ನೂ ಹೋಗುವುದನ್ನೂ ಅವನು ದಿನಾ ಕಿಟಕಿಯಲ್ಲಿ ನಿಂತೇ ನೋಡುತ್ತಿದ್ದ.

"ಅಂಗಳದಾಚೆ ನಿನ್ನ ತಮ್ಮ ಊರಿನವರ ಕಾರನ್ನೆಲ್ಲ ರಿಪೇರಿ ಮಾಡ್ತಾ ಕೂತಿದಾನೆ," ಎಂದಳು ತಾಯಿ. "ಇಲ್ಲಿಂದ ಕೂಗಿದ್ರೆ ಕೇಳ್ಸುತ್ತೆ. ಕೂಗು."

"ಬ್ಯಾಟರಿ ಸತ್ತಿದೆ. ಅದಕ್ಕೆ ಅವನ್ಯಾಕೆ?"

ತಮ್ಮ ತಾಲಾಯ್ ವಾಹನಗಳ ಎಲೆಕ್ಟ್ರೀಷಿಯನ್. ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಅವರ ಕಡೆಯ ಪದ್ಧತಿಯಂತೆ ಹಳೆಯ ಮನೆ ಕಿರಿಮಗನದು, ಕೆನೆಶ್ ಅದೇ ಅಂಗಳದ ಇನ್ನೊಂದು ಬದಿಗೆ ಎರಡು ಕೋಣೆ ಕಟ್ಟಿಕೊಂಡಿದ್ದ. ಅಡುಗೆ ಮಾತ್ರ ತಾಯಿಯ ಒಲೆಯಲ್ಲೇ, ಎಲ್ಲರಿಗೂ ಒಟ್ಟಿಗೆ. ಅಪ್ಪ ಸಾಯುವಾಗ ತನ್ನ ಸಲಕರಣೆಯ ಪೆಟ್ಟಿಗೆಯನ್ನೂ ತಾಲಾಯ್‌ಗೇ ಕೊಟ್ಟಿದ್ದ. "ಕೆನೆಶನಿಗೆ ರಸ್ತೆ ಇದೆ," ಎಂದಿದ್ದನಂತೆ. ರಸ್ತೆ ಇದ್ದಷ್ಟು ದಿನ ಆ ಮಾತು ಕೆನೆಶನಿಗೆ ಚುಚ್ಚಿರಲಿಲ್ಲ. ಈಗ ರಸ್ತೆ ಹೆಂಡತಿಯ ಪಾಲಾಗಿ, ತಮ್ಮನ ಶೆಡ್ಡಿನ ಮುಂದೆ ಊರಿನ ಕಾರುಗಳು ಸಾಲುಗಟ್ಟಿದ್ದನ್ನು ಕೂತು ನೋಡುವ ಪಾಳಿ ಬಂದಾಗ ಚುಚ್ಚುತ್ತಿತ್ತು.

ಯಾರೂ ಕರೆಯದೆಯೇ ತಾಲಾಯ್ ಕೈ ಒರೆಸಿಕೊಳ್ಳುತ್ತ ಬಂದ. ಅವನ ಎದೆಯ ಜೇಬಿನಲ್ಲಿ ಎರಡು ವೈರು ಜೋತುಬಿದ್ದ ಮೀಟರ್ ಇತ್ತು.

"ಅಣ್ಣ, ಹೊಸದು ಕೊಳ್ಳೋಕ್ ಮುಂಚೆ ಒಂದ್ಸಲ ನೋಡೋಣ. ಬ್ಯಾಟರಿ ಹೋಗಿದ್ಯೋ, ಇಲ್ಲಾ ಅದಕ್ಕೆ ಚಾರ್ಜ್ ಬರ್ತಾ ಇಲ್ವೋ. ಎರಡೂ ಬೇರೆ ಬೇರೆ ಕಾಯಿಲೆ."

"ಇಪ್ಪತ್ತು ವರ್ಷ ಈ ಗಾಡಿ ಓಡ್ಸಿದೀನಿ ನಾನು."

"ಓಡ್ಸಿದೀಯ. ಇಲ್ಲ ಅಂದ್ನಾ?"

"ಹೋಗು, ನಿನ್ನ ಗಿರಾಕಿಗಳು ಕಾಯ್ತಿದಾರೆ."

ತಾಲಾಯ್ ಅತ್ತಿಗೆಯ ಮುಖ ನೋಡಿ, ಭುಜ ಕುಣಿಸಿ, ಹೋದ. ಅವನು ಅತ್ತಿಗೆಯ ಮುಖ ನೋಡಿದ್ದೂ ಕೆನೆಶನ ಕಣ್ಣಿಗೆ ಬಿತ್ತು.

ಒಂದು ಟಗರು ಮಾರಿ ಹೊಸ ಬ್ಯಾಟರಿ ತಂದರು. ಕಾರು ಕುದುರೆಯ ಹಾಗೆ ಎದ್ದಿತು. ಅಂದು ರಾತ್ರಿ ಊಟಕ್ಕೆ ಕೂತಾಗ ಕೆನೆಶ್ ರೊಟ್ಟಿ ಮುರಿಯುತ್ತ ತಮ್ಮನ ಕಡೆ ತಿರುಗಿದ.

"ಏನೋ, ನಿನ್ನ ಮೀಟರ್ ಇಟ್ಟು ಅಳೀದೇನೇ ಆಯ್ತಲ್ಲ?"

"ಆಯ್ತಲ್ಲ. ಒಳ್ಳೇದೇ," ಎಂದ ತಾಲಾಯ್. ಅವನು ಒಂದಿಷ್ಟಾದರೂ ಮುಖ ಚಿಕ್ಕದು ಮಾಡಿದ್ದರೆ ಕೆನೆಶನಿಗೆ ಊಟ ರುಚಿಸುತ್ತಿತ್ತು.

ಆದರೆ ವಾರ ಕಳೆಯುವಷ್ಟರಲ್ಲಿ ಕಾರಿನ ಹೆಡ್‌ಲೈಟು ಮಂಕಾಯಿತು. ಬೆಳಿಗ್ಗೆ ಇಂಜಿನ್ ಮುಲುಗುತ್ತ ಏಳತೊಡಗಿತು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಒಮ್ಮೆ ಮಿನುಗಿ ಆರುತ್ತದೆ, ಮತ್ತೆ ಹತ್ತುತ್ತದೆ ಎಂದು ಜಿಪಾರ ಎರಡು ಸಲ ಹೇಳಿದಳು. ಬೆಲ್ಟು ಸಡಿಲವಾಗಿರಬೇಕು ಎಂದು ಕೆನೆಶ್ ಬಿಗಿಮಾಡಿದ. ಆದರೂ ದೀಪ ಮಿನುಗಿತು.

ಒಂದು ಮಧ್ಯಾಹ್ನ ಅವನು ಮಲಗಿ ಎದ್ದು ಕಿಟಕಿಗೆ ಬಂದಾಗ ಕಾರು ಶೆಡ್ಡಿನ ಬಾಗಿಲಲ್ಲಿತ್ತು. ಬಾನೆಟ್ ಎತ್ತಿತ್ತು. ಜಿಪಾರ ಮೀಟರಿನ ಕೆಂಪು ವೈರು ಹಿಡಿದು ಬಗ್ಗಿದ್ದಳು. ತಾಲಾಯ್ ಕಪ್ಪು ವೈರು ಹಿಡಿದು ಏನೋ ತೋರಿಸುತ್ತಿದ್ದ. ಅವನು ಏನು ಹೇಳಿದನೋ, ಅವಳು ಹಣೆಗೆ ಕೈ ಹಚ್ಚಿಕೊಂಡು ನಕ್ಕಳು. ಮೂಗಿನ ಮೇಲೆ ಮಸಿ ಮೆತ್ತಿಕೊಂಡಿತ್ತು. ಹಾಗೆ ಅವಳು ನಕ್ಕಿದ್ದನ್ನು ಕೆನೆಶ್ ಕಾಲು ಮುರಿದಾಗಿನಿಂದ ನೋಡಿರಲಿಲ್ಲ.

ಕೋಲೂರಿಕೊಂಡು ಹಿಮದ ಮೇಲೆ ಅವನು ಅಲ್ಲಿಗೆ ಹೋಗುವಷ್ಟರಲ್ಲಿ ನಗು ಮುಗಿದಿತ್ತು.

"ನನ್ನ ಗಾಡಿ ಯಾರನ್ನ ಕೇಳಿ ಇಲ್ಲಿಗೆ ತಂದೆ?"

"ನಾಳೆ ಬೆಳಿಗ್ಗೆ ನಾರಿನ್ ಆಸ್ಪತ್ರೆಗೆ ಹೋಗೋರು ಇದಾರೆ. ಮಧ್ಯ ದಾರೀಲಿ ನಿಂತ್ರೆ ಏನ್ ಮಾಡ್ಲಿ?" ಎಂದಳು ಜಿಪಾರ. "ಮೀಟರ್ ಮಿರ್ಜಾ ಅರ್ಧ ನೋಡಿದಾನೆ. ಇನ್ನರ್ಧ ನೋಡಿ ಹೇಳ್ತಾನಂತೆ."

ಗಂಡನ ತಮ್ಮನನ್ನು ಸೊಸೆಯಂದಿರು ಹೆಸರು ಹಿಡಿದು ಕರೆಯುವಂತಿಲ್ಲ, ತಾವೇ ಒಂದು ಹೆಸರಿಟ್ಟು ಕರೆಯಬೇಕು. ಜಿಪಾರ ಮೊದಲು ಬರೀ ಮಿರ್ಜಾ ಎನ್ನುತ್ತಿದ್ದಳು. ಮೀಟರ್ ಯಾವಾಗ ಸೇರಿಕೊಂಡಿತೋ ಕೆನೆಶನಿಗೆ ಗೊತ್ತೇ ಆಗಿರಲಿಲ್ಲ. ಅವನನ್ನು ಅವಳು ಮದುವೆಯಾದ ಮರುವರ್ಷದಿಂದ ‘ಸೆಜಿಮ್ ಅಪ್ಪ’ ಎಂದು ಕರೆಯುತ್ತಿದ್ದಳು, ಅಷ್ಟೇ.

"ಅಣ್ಣ, ಡೈನಮೋ ಕರೆಂಟ್ ಸರಿಯಾಗೇ ಕೊಡ್ತಿರೋ ಹಾಗಿದೆ," ಎಂದ ತಾಲಾಯ್. "ಕೊಟ್ಟದ್ದು ಬ್ಯಾಟರಿ ತನಕ ಬರ್ತಿಲ್ಲ ಅನ್ಸುತ್ತೆ. ಸ್ವಲ್ಪ ಹೊತ್ತು ಬಿಡು, ವೈರ್‌ಗಳನ್ನ ಒಂದೊಂದಾಗಿ..."

"ಬಾನೆಟ್ ಮುಚ್ಚು."

"ಅಣ್ಣ."

"ಮುಚ್ಚು ಅಂದೆ."

ತಾಲಾಯ್ ಮುಚ್ಚಿದ. ಕೆನೆಶ್ ತಾನೇ ಚಾಲಕನ ಸೀಟಿನಲ್ಲಿ ಕೂತು, ಮುರಿದ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಹಲ್ಲು ಕಚ್ಚಿ ಅಂಗಳದ ಈಚೆ ಬದಿಗೆ ಕಾರು ತಂದು ನಿಲ್ಲಿಸಿದ.

ಸಂಜೆ ಊಟಕ್ಕೆ ತಾಲಾಯ್ ಬರಲಿಲ್ಲ. ಬುರುಲ್ ಅವನ ಬಟ್ಟಲನ್ನು ರೊಟ್ಟಿಯಿಂದ ಮುಚ್ಚಿ ಪಕ್ಕಕ್ಕಿಟ್ಟಳು.

"ಸಣ್ಣವನಿದ್ದಾಗ ಅವನಿಗೊಂದು ಮರಿಕುದುರೆ ಕೊಟ್ರೆ ನೀನು ಮೂರು ದಿನ ಹಾಲು ಕುಡೀಲಿಲ್ಲ," ಎಂದಳು ಮಗನಿಗೆ. "ನಿನಗೆ ದೊಡ್ಡ ಕುದುರೇನೇ ಇತ್ತು."

"ನಾನು ಕಾರಿನ ಮಾತಾಡ್ತಿದೀನಮ್ಮ."

"ನಾನೂ ಅದನ್ನೇ ಆಡ್ತಿದೀನಿ."

ಜಿಪಾರ ಚಹಾ ಬಗ್ಗಿಸುತ್ತಿದ್ದವಳು ನಿಲ್ಲಿಸಿದಳು. "ಏನು ಮನಸಲ್ಲಿ ಇಟ್ಕೊಂಡಿದೀರಿ, ಬಾಯಿಬಿಟ್ಟು ಹೇಳಿ ಸೆಜಿಮ್ ಅಪ್ಪ. ಮಗಳು ಇದಾಳೆ ಅಂತ ಅಳುಕ್ಬೇಡಿ. ಅವಳಿಗೂ ಗೊತ್ತಾಗ್ಲಿ."

"ಅಷ್ಟೊಂದು ನಗೋದು ಏನಿತ್ತು ಅಲ್ಲಿ?"

"ನಾನು ವೈರ್ ತಿರುಗಾಮುರುಗಾ ಹಿಡಿದಿದ್ದೆ, ಮುಳ್ಳು ಸೊನ್ನೆಗಿಂತ ಕೆಳಗೆ ಹೋಯ್ತು. ‘ಅತ್ತಿಗೆ, ಕಾರೇ ನಮಗೆ ಸಾಲ ಕೊಡ್ಬೇಕು ಅಂತ ತೋರಿಸ್ತಿದೆ’ ಅಂದ. ಅದಕ್ಕೆ ನಕ್ಕೆ. ಸಾಕಾ?"

ಸಾಕಾಗಲಿಲ್ಲ.

ಮರುದಿನ ಆಸ್ಪತ್ರೆಗೆ ಹೋಗುವವರು ಬೇರೆ ಟ್ಯಾಕ್ಸಿ ಹಿಡಿದರು. ಕೆನೆಶ್ ಅಂದೇ ರಾಜಧಾನಿ ಬಿಷ್ಕೆಕ್‌ನಲ್ಲಿದ್ದ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ ಡೈನಮೋ ತರಿಸಿದ. ಬಿಚ್ಚಿ ಹಾಕುವುದನ್ನೂ ತಾನೇ ಮಾಡುತ್ತೇನೆಂದು ಕೂತ. ಬೆರಳು ಮರಗಟ್ಟುವ ಚಳಿ. ಕೋಲನ್ನು ಬಂಪರಿಗೆ ಒರಗಿಸಿ, ಒಂಟಿಕಾಲಿನ ಮೇಲೆ ನಿಂತು, ಒಂದು ನಟ್ಟಿಗೆ ಅರ್ಧ ದಿನ ಹಿಡಿಯಿತು. ಅಂಗಳದಾಚೆ ತಾಲಾಯ್ ಎರಡು ಸಲ ಶೆಡ್ಡಿನ ಬಾಗಿಲಿಗೆ ಬಂದು ನಿಂತು ಹಾಗೇ ಒಳಗೆ ಹೋದ. ಶಾಲೆಯಿಂದ ಬಂದ ಸೆಜಿಮ್ ಅಪ್ಪನಿಗೆ ಚಹಾ ತಂದುಕೊಟ್ಟು ಪಕ್ಕದಲ್ಲಿ ನಿಂತಳು.

"ಅಪ್ಪ, ಡೈನಮೋ ಕೆಟ್ಟಿದ್ಯೋ ಇಲ್ವೋ ಅಂತ ಕಾರಿಂದ ಬಿಚ್ಚದೇನೇ ನೋಡ್ಬಹುದಂತೆ. ಚಿಕ್ಕಪ್ಪ ಹೇಳ್ತಿದ್ರು."

"ಹಾಗಿದ್ರೆ ಹೋಗು, ಚಿಕ್ಕಪ್ಪನ ಮಗಳಾಗೇ ಇರು."

ಹುಡುಗಿ ಖಾಲಿ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಅವಳ ಬೆನ್ನು ನೋಡುತ್ತ ಅವನಿಗೆ ಕೂಗಿ ಕರೆಯಬೇಕೆನಿಸಿತು. ಕೈಯಲ್ಲಿ ಸ್ಪ್ಯಾನರ್ ಇತ್ತು, ನಟ್ಟು ಅರ್ಧ ತಿರುಗಿತ್ತು. ಉಳಿದರ್ಧ ತಿರುಗಿಸಿದ.

ಡೈನಮೋ ಕೂತಿತು, ಕೆಂಪು ದೀಪ ಆರಿತು. ಕೆನೆಶ್ ಈ ಸಲ ಊಟದ ಹೊತ್ತಲ್ಲಿ ತಮ್ಮನ ಎದುರೇ ಎರಡು ಬಟ್ಟಲು ಸಾರು ಕುಡಿದ. ಜಿಪಾರ ಮತ್ತೆ ಘಟ್ಟ ಹತ್ತಿಳಿಯತೊಡಗಿದಳು. ಹೊಸ ವರ್ಷ ಕಳೆಯಿತು. ಘಟ್ಟದಲ್ಲಿ ಹಿಮ ಬಿದ್ದು ರಸ್ತೆ ಎರಡು ದಿನ ಮುಚ್ಚಿ ತೆರೆಯಿತು.

ರಸ್ತೆ ತೆರೆದ ದಿನ ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಕೆನೆಶನ ಫೋನ್ ರಿಂಗಾಯಿತು.

"ಕಾರು ನಿಂತುಹೋಗಿದೆ," ಎಂದಳು ಜಿಪಾರ. ಗಾಳಿಯ ಸದ್ದಿನಲ್ಲಿ ಅವಳ ಮಾತು ಹರಿದು ಹರಿದು ಬರುತ್ತಿತ್ತು. "ಸಾರಿ-ಬುಲಾಕ್ ದಾಟಿ ಮೇಲೆ, ಕಲ್ಲು ಜರಿದಿದೆಯಲ್ಲ, ಅದರ ಹತ್ರ. ಹೀಟರೂ ಇಲ್ಲ, ಏನೂ ಇಲ್ಲ. ಒಂದು ಕೈಗೂಸು ಇದೆ ಕಾರಲ್ಲಿ. ಮಿರ್ಜಾಗೆ ಅವನ ಜೀಪ್ ತಗೊಂಡು ಬಾ ಅಂತ ಹೇಳಿ. ನಾನು ಮಾಡಿದೆ, ಎತ್ತಲಿಲ್ಲ. ಮಷೀನ್ ಸದ್ದಲ್ಲಿ ಕೇಳಿಸ್ತಿಲ್ಲ ಅನ್ಸುತ್ತೆ."

"ಮೊದಲು ಅವನಿಗೆ ಮಾಡಿದ್ಯಾ?"

"ಏನಂದ್ರಿ? ಗಾಳಿ."

"ಏನಿಲ್ಲ. ಹೇಳ್ತೀನಿ."

ಅವನು ಕೋಲು ತೆಗೆದುಕೊಂಡು ಹೊಸ್ತಿಲವರೆಗೆ ಹೋದ. ಅಂಗಳದಾಚೆ ಶೆಡ್ಡಿನಲ್ಲಿ ಮಷೀನು ಕಿರುಚುತ್ತಿತ್ತು. ಬಾಗಿಲ ಸಂದಿನಲ್ಲಿ ಕಿಡಿ ಹಾರುತ್ತಿದ್ದವು. ಕೂಗಿದರೆ ಕೇಳದು, ನಡೆದು ಹೋಗಬೇಕು. ನಡೆದು ಹೋಗಿ, ಬಾಗಿಲಲ್ಲಿ ನಿಂತು, ನಿನ್ನ ಮಾತು ಕೇಳದೆ ಎರಡು ಸಲ ಸಾಮಾನು ಬದಲಾಯಿಸಿದೆ, ಎರಡೂ ಸಲ ತಪ್ಪಿದೆ, ಈಗ ನನ್ನ ಹೆಂಡತಿ ನಿನ್ನನ್ನು ಕರೆಯುತ್ತಿದ್ದಾಳೆ ಎನ್ನಬೇಕು. ಅವನು ಹೊಸ್ತಿಲಿಂದ ಹಿಂದಕ್ಕೆ ಬಂದು ಟ್ಯಾಕ್ಸಿ ಸ್ಟ್ಯಾಂಡಿನ ಹಳೆಯ ಗೆಳೆಯ ಮುಕಾಶ್‌ಗೆ ಫೋನ್ ಮಾಡಿದ. ಮುಕಾಶ್ ಬಿಷ್ಕೆಕ್ ದಾರಿಯಲ್ಲಿದ್ದ. ಇನ್ನೊಬ್ಬನಿಗೆ ಮಾಡಿದ, ಫೋನ್ ಬಂದಾಗಿತ್ತು. ಮೂರನೆಯವನು ಅರ್ಧ ಗಂಟೆಯಲ್ಲಿ ತಿರುಗಿ ಹೇಳುತ್ತೇನೆಂದ. ಕೆನೆಶ್ ಅರ್ಧ ಗಂಟೆ ಕಾದ. ಆಮೇಲೂ ಕಾದ. ಕಿಟಕಿಯ ಹೊರಗೆ ಪುಡಿಹಿಮ ಉದುರತೊಡಗಿತ್ತು. ಪ್ರತಿ ಸಲ ಎದ್ದು ನಿಂತಾಗಲೂ, ಇನ್ನೊಂದು ಫೋನ್ ನೋಡೋಣ ಎಂದು ಕೂತ.

ನೆರೆಮನೆಗೆ ಹೋಗಿದ್ದ ಬುರುಲ್ ಫೋನ್ ಹಿಡಿದುಕೊಂಡೇ ಒಳಗೆ ಬಂದಳು. ಅವಳ ತಲೆವಸ್ತ್ರದ ಮೇಲೆ ಹಿಮ ಕೂತಿತ್ತು.

"ಜಿಪಾರ ಕೇಳ್ತಿದಾಳೆ, ತಾಲಾಯ್ ಎಲ್ಲಿವರೆಗೆ ಬಂದ ಅಂತ. ಅವನ ಜೀಪು ಇಲ್ಲೇ ನಿಂತಿದೆಯಲ್ಲ?"

ಕೆನೆಶ್ ಕೈಯಲ್ಲಿದ್ದ ಫೋನನ್ನು ಮಗುಚಿಟ್ಟ.

"ಹೇಳಿದ್ಯಾ ಅವನಿಗೆ?"

"ಬೇರೆಯವರನ್ನ ವಿಚಾರಿಸ್ತಿದ್ದೆ."

ತಾಯಿ ಅವನನ್ನು ದಿಟ್ಟಿಸಿದಳು. ಬೈಗುಳ ಬರುತ್ತದೆಂದು ಅವನು ಕಾದ. ಬಾಗಿಲು ತೆರೆದಿಟ್ಟೇ, ಚಪ್ಪಲಿ ಕೂಡ ನೆಟ್ಟಗೆ ಮೆಟ್ಟದೆ, ಎಪ್ಪತ್ತು ದಾಟಿದ ಹೆಂಗಸು ಅಂಗಳದ ಹಿಮದಲ್ಲಿ ಎಡವುತ್ತ ಓಡಿದಳು. ಮಷೀನಿನ ಸದ್ದು ನಿಂತಿತು.

ತಾಲಾಯ್ ಜೀಪು ತಿರುಗಿಸುವಷ್ಟರಲ್ಲಿ ಕೆನೆಶ್ ಪಕ್ಕದ ಸೀಟು ಹತ್ತಿ ಕೂತಿದ್ದ. ಇಳಿ ಎಂದು ತಮ್ಮ ಹೇಳಲಿಲ್ಲ. ಊರು ದಾಟಿದ ಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

"ಅಪ್ಪನ ಪೆಟ್ಟಿಗೆ ನಿನಗೆ ಬೇಕಾಗಿತ್ತಾ?"

"ಬೇಕಿರಲಿಲ್ಲ."

"ಮತ್ತೆ?"

"ನಿನಗೆ ಕೊಟ್ಟದ್ದು ಬೇಕಿರಲಿಲ್ಲ."

ತಾಲಾಯ್ ಗೇರ್ ಬದಲಾಯಿಸಿದ. ಸಾರಿ-ಬುಲಾಕ್‌ನ ರಸ್ತೆಬದಿಯ ಹೋಟೆಲಿನ ಮುಂದೆ ಒಂದು ಕಲ್ಲಿದ್ದಲು ಲಾರಿ ನಿಂತಿತ್ತು. ತಾಲಾಯ್ ಇಳಿದು ಓಡಿ ಹೋಗಿ ಓಡಿ ಬಂದ. ಲಾರಿಯವನು ಕಾರಿನ ಪ್ರಯಾಣಿಕರನ್ನು ಹತ್ತಿಸಿಕೊಂಡು ಕೆಳಗೆ ಬಂದಿದ್ದಾನಂತೆ. ಮಗುವನ್ನು ಒಲೆಯ ಹತ್ತಿರ ಮಲಗಿಸಿದ್ದಾರಂತೆ, ಹಾಲು ಕುಡಿಯಿತಂತೆ. ಡ್ರೈವರಮ್ಮ ಮಾತ್ರ ಕಾರು ಬಿಟ್ಟು ಬರಲಿಲ್ಲವಂತೆ. ಕೋಟನ್ನು ಮಗುವಿನ ತಾಯಿಗೆ ಕೊಟ್ಟುಬಿಟ್ಟಿದ್ದಾಳಂತೆ. ಕೆನೆಶ್ ತನ್ನ ಕೋಟಿನ ಗುಂಡಿ ಬಿಚ್ಚತೊಡಗಿದ, ಇನ್ನೂ ಅಷ್ಟು ದೂರ ಇದ್ದಾಗಲೇ.

ಜಿಪಾರ ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿಕೊಂಡು ಮುದುಡಿದ್ದಳು. ತುಟಿ ನೀಲಿಗಟ್ಟಿತ್ತು. ಕೆನೆಶ್ ಹೊದಿಸಿದ ಕೋಟನ್ನು ಎಳೆದುಕೊಂಡು, ಅವಳು ಮೈದುನನನ್ನು ಕೇಳಿದಳು.

"ಯಾಕೆ ಇಷ್ಟು ತಡ?"

ತಾಲಾಯ್ ಅಣ್ಣನ ಕಡೆ ನೋಡಲಿಲ್ಲ. "ಬಜಾರಿಗೆ ಹೋಗಿದ್ದೆ ಅತ್ತಿಗೆ. ಬರೋದು ತಡ ಆಯ್ತು."

ತಮ್ಮನ ಆ ದೊಡ್ಡತನವೂ ಕೆನೆಶನಿಂದ ತಡೆದುಕೊಳ್ಳಲಾಗಲಿಲ್ಲ. ಅದನ್ನೂ ಅವನಿಂದ ಪಡೆದುಕೊಂಡು ಬದುಕುವುದೇ?

"ಇವನು ಮನೇಲೇ ಇದ್ದ," ಎಂದ. "ನಾನು ಹೇಳಲಿಲ್ಲ."

ಜಿಪಾರ ಗಂಡನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇನ್ನೂ ಹುಟ್ಟಿರಲಿಲ್ಲ, ಕೇಳಿದ ಮಾತು ಅವಳ ತಲೆಗೆ ಇನ್ನೂ ಇಳಿದಿರಲಿಲ್ಲ. ಆಮೇಲೆ ಅವಳು ಮುಖ ತಿರುಗಿಸಿ, "ಬೇಗ ನೋಡು ಮಿರ್ಜಾ. ಕತ್ತಲಾಗುತ್ತೆ," ಎಂದಳು.

ಜೀಪಿನ ಬ್ಯಾಟರಿಯಿಂದ ತಂತಿ ಕೊಟ್ಟು ಇಂಜಿನ್ ಎಬ್ಬಿಸಿದರು. ತಂತಿ ತೆಗೆದ ಮೇಲೆ ತಾಲಾಯ್ ಮೀಟರ್ ಹೊರತೆಗೆದ.

"ಅಣ್ಣ, ಕೆಂಪು ಹಿಡಿ. ಡೈನಮೋ ಹಿಂದಿನ ಬೋಲ್ಟ್ ಮೇಲೆ."

ಕೆನೆಶ್ ಹಿಡಿದ. ಮೀಟರ್ ಹದಿನಾಲ್ಕು ವೋಲ್ಟಿಗೂ ಮೇಲೆ ತೋರಿಸಿತು.

"ಡೈನಮೋ ಚೆನ್ನಾಗಿದೆ. ಈಗ ಬ್ಯಾಟರಿ ಮೇಲೆ ಹಿಡಿ." ಅಲ್ಲಿ ಹನ್ನೆರಡೂವರೆಯೂ ಇರಲಿಲ್ಲ. "ನೋಡ್ದಾ? ಅಲ್ಲಿಂದ ಹೊರಟದ್ದು ಇಲ್ಲಿಗೆ ಬರ್ತಿಲ್ಲ. ಹೋಗೋ ವೈರಲ್ಲಿ ತೊಂದರೆ, ಇಲ್ಲಾ ವಾಪಸ್ ಬರೋದ್ರಲ್ಲಿ."

ಹೋಗುವ ವೈರಿನ ಎರಡು ತುದಿಗೂ ಹಿಡಿದು ನೋಡಿದರು, ಮುಳ್ಳು ಅಲುಗಲೇ ಇಲ್ಲ. ಆಮೇಲೆ ತಾಲಾಯ್ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಮೇಲೂ ಇನ್ನೊಂದನ್ನು ಇಂಜಿನ್ನಿನ ಬರಿಯ ಕಬ್ಬಿಣದ ಮೇಲೂ ಒತ್ತಿಸಿದ. ಮುಳ್ಳು ಎರಡು ವೋಲ್ಟಿಗೆ ಹಾರಿತು.

"ಸಿಕ್ತು. ಇಲ್ಲಿ ಸೊನ್ನೆ ಇರ್ಬೇಕಿತ್ತು." ಅವನು ಬಗ್ಗಿ ಕೈ ಇಳಿಬಿಟ್ಟು, ಇಂಜಿನ್ನನ್ನೂ ಬಾಡಿಯನ್ನೂ ಸೇರಿಸುವ ಅರ್ತ್ ವೈರನ್ನು ಎಳೆದ. ಹೊರಗಿನಿಂದ ನೆಟ್ಟಗಿದ್ದ ವೈರು ಕೈಯಲ್ಲಿ ಪುಸಕ್ಕೆಂದಿತು. ಮೇಲಿನ ರಬ್ಬರನ್ನು ಸೀಳಿದರೆ ಒಳಗೆ ತಾಮ್ರದ ಬದಲು ಹಸಿರು ಪುಡಿ. "ಬ್ಯಾಟರಿ ಬದಲಾಯಿಸುವಾಗ ಇದು ಅಲುಗಾಡಿ ನಾಲ್ಕು ದಿನ ಕಚ್ಕೊಂಡಿತ್ತು. ಡೈನಮೋ ಹಾಕುವಾಗ ಮತ್ತೆ ಅಲುಗಾಡಿತು. ಹಾಗಾಗಿ ಎರಡು ಸಲಾನೂ ಸರಿಹೋಯ್ತು ಅನ್ನಿಸ್ತು."

"ಯಾರ ತಪ್ಪು?" ಎಂದು ಕೇಳಿದ ಕೆನೆಶ್.

"ಯಾರದೂ ಅಲ್ಲ. ಹಳೇದಾಗಿತ್ತು."

ಜೀಪಿನಲ್ಲಿದ್ದ ಒಂದು ದಪ್ಪ ವೈರಿನ ತುಂಡನ್ನು ಅದರ ಜಾಗಕ್ಕೆ ಬಿಗಿದರು. ಕೆಂಪು ದೀಪ ಆರಿತು, ಹೀಟರಿನಿಂದ ಬಿಸಿಗಾಳಿ ಬರತೊಡಗಿತು. ಜಿಪಾರ ಮುಂದೆ ಬಂದು ಸ್ಟೀರಿಂಗ್ ಹಿಡಿದು ಕೂತಳು. ಕೆನೆಶ್ ಪಕ್ಕದ ಬಾಗಿಲಿಗೆ ಕೈ ಹಾಕಿದಾಗ, "ನಾನು ಹೋಟೆಲಿಂದ ಜನರನ್ನ ಹತ್ತಿಸ್ಕೋಬೇಕು. ಜಾಗ ಇಲ್ಲ," ಎಂದಳು.

ಅವನು ಜೀಪಿನಲ್ಲಿ ಬಂದ.

ಅಂದಿನಿಂದ ಜಿಪಾರಳ ಹಾಸಿಗೆ ಅತ್ತೆಯ ಕೋಣೆಗೆ ಹೋಯಿತು. ಮನೆಯ ಕೆಲಸ ಯಾವುದೂ ನಿಲ್ಲಲಿಲ್ಲ. ಚಹಾ ಬರುತ್ತಿತ್ತು, ಸೆಜಿಮಳ ಕೈಯಲ್ಲಿ. ಅಂಗಿ ಒಗೆದು ಮಡಚಿ ಬರುತ್ತಿತ್ತು, ಅದೂ ಸೆಜಿಮಳ ಕೈಯಲ್ಲಿ. ಊಟಕ್ಕೆ ಕೂತರೆ ಮಾತೆಲ್ಲ ಅವನನ್ನು ಸುತ್ತಿ ಬಳಸಿ ಹೋಗುತ್ತಿತ್ತು. ಉಪ್ಪು ಕೇಳಿದರೆ ಉಪ್ಪು ಕೊಡುತ್ತಿದ್ದರು.

"ಅಮ್ಮ, ನೀನಾದ್ರೂ ಅವಳಿಗೆ ಒಂದು ಮಾತು ಹೇಳು," ಎಂದ ಒಂದು ಸಲ, ತಾಯಿ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದಾಗ.

"ಏನಂತ ಹೇಳ್ಲಿ? ನನ್ನ ಮಗ ಒಳ್ಳೆಯವನು ಅಂತ್ಲಾ? ಅದನ್ನ ನೀನೇ ಹೋಗಿ ಹೇಳು. ನನಗೆ ನಾಚಿಕೆ ಆಗುತ್ತೆ."

ಹಿಮ ಕರಗಿ ಅಂಗಳ ಕೆಸರಾಗುವವರೆಗೂ ಹೀಗೇ ನಡೆಯಿತು. ಕೆನೆಶ್ ಕೋಲು ಬಿಟ್ಟ. ಒಂದು ಭಾನುವಾರ ಜಿಪಾರ ಹೊರಗೆ ಕಾರು ತೊಳೆಯುತ್ತಿದ್ದಳು. ಅವನು ಬಿಸಿನೀರಿನ ಬಕೆಟ್ಟು ಹೊತ್ತುಕೊಂಡು ಹೋಗಿ ಅವಳ ಕಾಲ ಬಳಿ ಇಟ್ಟು ಅಲ್ಲೇ ನಿಂತ.

"ಮಗು ಅಳೋದು ನಿಲ್ಲಿಸಿತ್ತು," ಎಂದಳು ಅವಳು, ಬಟ್ಟೆ ಹಿಂಡುತ್ತ, ಅವನ ಕಡೆ ನೋಡದೆ. "ಅಳ್ತಿದ್ದಾಗ ನನಗೆ ಭಯ ಇರಲಿಲ್ಲ. ನಿಲ್ಲಿಸಿತಲ್ಲ, ಆಗ ಆಯ್ತು. ಅದರ ತಾಯಿ ಕೇಳ್ತಾನೇ ಇದ್ಲು, ಬರ್ತಾರಾ, ಬರ್ತಾರಾ ಅಂತ. ನಮ್ಮ ಮನೆಯವರಿಗೆ ಹೇಳಿದೀನಿ, ಅವರು ತಮ್ಮನ್ನ ಕರ್ಕೊಂಡು ಹೊರಟಿರ್ತಾರೆ, ಆ ತಿರುವಲ್ಲಿ ಕಾಣಿಸ್ತಾರೆ ನೋಡು, ಅಂತ ನಾನು ಹೇಳ್ತಾನೇ ಇದ್ದೆ."

ಕೆನೆಶ್ ಬಾಯಿ ತೆರೆದ. ಅವಳು ಬಟ್ಟೆ ಹಿಡಿದ ಕೈ ಎತ್ತಿ ಅವನನ್ನು ತಡೆದಳು.

"ತಪ್ಪಾಯ್ತು ಅನ್ಬೇಡಿ. ಕೇಳಿ ನನಗೇನಾಗ್ಬೇಕು? ನಾನು ಹೇಳೋದು ಕೇಳಿಸ್ಕೊಳ್ಳಿ. ನಿಮ್ಮ ಕಾಲು ಸರಿಹೋಗಿದೆ ಅಂತ ನಾನು ಕೀಲಿ ವಾಪಸ್ ಕೊಡಲ್ಲ. ಈ ಕಾರು ನಾನೇ ಓಡಿಸ್ತೀನಿ. ಸ್ಟ್ಯಾಂಡಲ್ಲಿ ಎರಡು ಕಾರಿಗಾಗೋಷ್ಟು ಜನ ಇದಾರೆ. ನಿಮಗೆ ಓಡಿಸಬೇಕು ಅಂತಿದ್ರೆ ಇನ್ನೊಂದು ಗಾಡಿ ನೋಡ್ಕೊಳ್ಳಿ."

"ಇನ್ನೊಂದು ಗಾಡಿ ಎಲ್ಲಿಂದ ತರ್ಲಿ?"

"ಅಂಗಳದಾಚೆ ಒಂದು ನಿಂತಿದೆ. ವಾರದಲ್ಲಿ ಐದು ದಿನ ಸುಮ್ನೇ ನಿಂತಿರುತ್ತೆ." ಅವಳು ಮತ್ತೆ ಚಕ್ರದ ಕಡೆ ಬಗ್ಗಿದಳು. "ಕೇಳೋದಾದ್ರೆ ನೀವೇ ಹೋಗಿ ಕೇಳಿ. ನಾನು ಕೇಳಲ್ಲ. ಅತ್ತೇನೂ ಕೇಳಲ್ಲ."

ಅವನು ಆ ದಿನ ಹೋಗಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಕೆಸರಿನಲ್ಲಿ ಅಂಗಳ ದಾಟಿ ಶೆಡ್ಡಿನ ಬಾಗಿಲಲ್ಲಿ ನಿಂತ. ತಾಲಾಯ್ ಯಾರದೋ ಲಾರಿಯ ಕೆಳಗಿದ್ದ, ಬೂಟು ಮಾತ್ರ ಕಾಣುತ್ತಿತ್ತು.

"ನಿನ್ನ ಜೀಪು ಬೇಕಾಗಿತ್ತು," ಎಂದ ಕೆನೆಶ್ ಬೂಟಿಗೆ. "ನಾರಿನ್ ಲೈನಿಗೆ. ಬಂದದ್ದರಲ್ಲಿ ಅರ್ಧ ನಿನಗೆ."

ಕೆಳಗೆ ಸ್ವಲ್ಪ ಹೊತ್ತು ಸ್ಪ್ಯಾನರಿನ ಸದ್ದಾಯಿತು.

"ಅರ್ಧ ಬೇಡ. ಡೀಸೆಲ್ ಹಾಕಿಸು. ಎರಡನೇ ಗೇರ್ ಬಿಗಿ ಇದೆ, ಒದ್ದು ಹಾಕ್ಬೇಡ."

"ಇಪ್ಪತ್ತು ವರ್ಷ..." ಎಂದು ಶುರುಮಾಡಿದ ಕೆನೆಶ್ ಅಲ್ಲಿಗೇ ನಿಲ್ಲಿಸಿದ. "ಸರಿ. ಒದೆಯಲ್ಲ."

ಸ್ಟ್ಯಾಂಡಿನಲ್ಲಿ ಅವನನ್ನು ನೋಡಿ ಮುಕಾಶ್ ಹಲ್ಲುಕಿರಿದ. "ಏನಪ್ಪಾ, ಹೆಂಡ್ತಿ ಮುಂದೆ, ಗಂಡ ಹಿಂದೆ. ಇನ್ನು ಮನೇಲಿ ರೊಟ್ಟಿ ತಟ್ಟೋರ್ಯಾರು?"

"ನೀನು ಬಾ, ಖಾಲಿ ಇದೀಯಲ್ಲ," ಎಂದ ಕೆನೆಶ್.

ಜಿಪಾರಳ ಕಾರು ತುಂಬಿ ಹೊರಟ ಮೇಲೆ ಉಳಿದವರು ಮನಸ್ಸಿಲ್ಲದ ಮನಸ್ಸಿನಿಂದ ಜೀಪು ಹತ್ತಿದರು. ಒಬ್ಬ ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಜಿಪಾರಳ ಗಂಡ ಅಲ್ವಾ?" ಎಂದು ಕೇಳಿದಳು. ಘಟ್ಟದಲ್ಲಿ ಕಾರು ನಿಂತ ದಿನದ ಕತೆ ಊರಿಗೆಲ್ಲ ಗೊತ್ತಾಗಿತ್ತು. ಅವನು ಹೌದೆಂದ. ಮುದುಕಿ ಹಿಂದಿನ ಸೀಟಿಗೆ ಸರಿದು ಕೂತಳು.

ಘಟ್ಟದ ಏರಿನಲ್ಲಿ ಜಿಪಾರಳ ಕಾರು ಮುಂದೆ ಕಾಣಿಸಿತು. ಒಳಗಿನ ಹೆಂಗಸರ ತಲೆವಸ್ತ್ರಗಳು ಮಾತಿನ ಗತ್ತಿಗೆ ಅಲುಗುತ್ತಿದ್ದವು. ಏನೋ ನಗು ನಡೆದಿತ್ತು. ಕೆನೆಶನ ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು, ಒಂದಿಷ್ಟೂ ಕಡಿಮೆಯಾಗದೆ.

ಪಕ್ಕದಲ್ಲಿ ಕೂತಿದ್ದ ಕುರಿ ವ್ಯಾಪಾರಿ ಗಡಿಯಾರ ನೋಡಿಕೊಂಡ. "ಯಾಕಣ್ಣ ಹೀಗೆ ತೆವಳ್ತಿದೀಯ? ರಸ್ತೆ ಖಾಲಿ ಇದೆ. ಹೆಂಗಸಿನ ಗಾಡಿ ಅದು, ಹಿಂದಕ್ಕೆ ಹಾಕು."

ಕೆನೆಶನ ಕಾಲು ಆಕ್ಸಲರೇಟರಿನ ಮೇಲಿತ್ತು. ಒತ್ತಲಿಲ್ಲ.

"ಅವಳು ಮುಂದೆ ಹೋಗ್ಲಿ," ಎಂದ. "ಎಲ್ಲಾದ್ರೂ ನಿಂತ್ರೆ ಹಿಂದೆ ಯಾರಾದ್ರೂ ಇರ್ಬೇಕಲ್ಲ."